ತಿಜೋರಿಯೊಳಗಿನ ತುಕ್ಕು

ಮಳೆಗಾಲ ಬಂತು ಅಂದ್ರೆ ನಮ್ಮ ಚಾನೆಲ್‌ಗಳಲ್ಲಿ ಒಂದೇ ದೃಶ್ಯ. ಗೊರೂರಿನ ಹೇಮಾವತಿ ಅಣೆಕಟ್ಟಿನ ಗೇಟು, ಅದರ ಕೆಳಗೆ ನೊರೆ ನೀರು. 37 ಟಿಎಂಸಿ ಹಿಡಿಯುವ ಈ ಜಲಾಶಯ ತುಂಬಿದರೆ ಹೊಳೆನರಸೀಪುರದವರು ಹೊಳೆ ಕಡೆ ಒಂದು ಕಣ್ಣಿಟ್ಟೇ ಮಲಗಬೇಕು. ಅರಕಲಗೂಡು ತಾಲೂಕಿನ ರಾಮನಾಥಪುರಕ್ಕೆ ಕಾವೇರಿಯ ಚಿಂತೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಅಲ್ಲಿ ಮನೆಗಳಿಗೇ ನೀರು ನುಗ್ಗಿತ್ತು. ಚನ್ನರಾಯಪಟ್ಟಣದ ಬಯಲು ಸೀಮೆಯಲ್ಲಾದರೆ ಕೆರೆ ಕೋಡಿಯ ಭಯ. ದನಕರು, ಅಕ್ಕಿ ಮೂಟೆ, ಆಧಾರ್ ಕಾರ್ಡು ಎಲ್ಲದರ ಸುದ್ದಿಯನ್ನೂ ನಾವು ಹೇಳ್ತೀವಿ. ಬೀಗ ಹಾಕಿಟ್ಟ ಕೋವಿ ಏನಾಯ್ತು ಅಂತ ಯಾರೂ ಕೇಳಲ್ಲ. ಇವತ್ತು ನಾನು ಅದನ್ನೇ ಕೇಳ್ತೀನಿ.

ಹಾಸನದ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಕೋವಿಗಳಿವೆ. ಪಕ್ಕದ ಕೊಡಗಿನ ಕಥೆಯಂತೂ ಇನ್ನೂ ಹಳೆಯದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ, 1861ರಲ್ಲಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು.

ಈ ಮಳೆನಾಡಿನಲ್ಲಿ ಹಿರಿಯರು ಕಬ್ಬಿಣವನ್ನು ಹೇಗೆ ಕಾಪಾಡಿದರು? ಉತ್ತರ ಹಬ್ಬದಲ್ಲಿದೆ. ಕೊಡಗಿನ ಕೈಲ್‌ಪೊಳ್ದ್ ಬರೋದು ಸೆಪ್ಟೆಂಬರ್ 3ರ ಹೊತ್ತಿಗೆ. ಅಷ್ಟರಲ್ಲಿ ನಾಟಿ ಮುಗಿದಿರುತ್ತೆ, ಮಳೆಯ ಅಬ್ಬರ ಇಳಿದಿರುತ್ತೆ. ಕೋವಿ, ಒಡಿಕತ್ತಿಗಳನ್ನು ಹೊರಗೆ ತೆಗೆದು, ಒರೆಸಿ, ತೋಕ್ ಪೂ ಮುಡಿಸಿ ಪೂಜೆ ಮಾಡ್ತಾರೆ. ನಮ್ಮ ಕಡೆ ಅದೇ ಕೆಲಸ ಆಯುಧಪೂಜೆಗೆ. ನನ್ನನ್ನು ಕೇಳಿದರೆ, ಭಕ್ತಿಯ ಜೊತೆಗೆ ಇದೊಂದು ಸರ್ವೀಸಿಂಗ್ ಕ್ಯಾಲೆಂಡರ್!

ಕಬ್ಬಿಣಕ್ಕೆ ನೀರು ಏನು ಮಾಡುತ್ತೆ ಅನ್ನೋದಕ್ಕೆ ಇತಿಹಾಸದ ಸಾಕ್ಷಿಯೂ ಇದೆ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ 1000ಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಹೈದರ್, ಟಿಪ್ಪು ಕಾಲದವು. ಬ್ರಿಟಿಷ್ ಸೈನ್ಯವನ್ನು ನಡುಗಿಸಿದ ಮೈಸೂರು ರಾಕೆಟ್‌ಗಳು ಕೆಸರಲ್ಲಿ ತುಕ್ಕು ಹಿಡಿದು ಬಿದ್ದಿದ್ದವು. ಅದೇ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಮದ್ದುಗುಂಡು ಇಡೋದಕ್ಕೆಂದೇ ಇಟ್ಟಿಗೆ, ಗಾರೆಯ ದಪ್ಪ ಗೋಡೆಯ ಕಟ್ಟಡ ಕಟ್ಟಿದ್ದರು. 2017ರಲ್ಲಿ ರೈಲು ಹಳಿಗಾಗಿ ಆ ಇಡೀ ಕಟ್ಟಡವನ್ನೇ ಬೇರೆ ಕಡೆಗೆ ಸರಿಸಬೇಕಾಯ್ತು. ಆಯುಧ ಒಂದು ಕಡೆಯಾದರೆ, ಅದನ್ನು ಇಡುವ ಜಾಗ ಇನ್ನೊಂದು ವಿದ್ಯೆ.

ಆ ವಿದ್ಯೆಯನ್ನು ನಾವು ತಿಜೋರಿಗೆ ಬಿಟ್ಟುಬಿಟ್ಟಿದ್ದೀವಿ. ನೋಡಿ, ತಿಜೋರಿ ಕಳ್ಳನನ್ನು ತಡೆಯುತ್ತೆ. ಕೆಲವು ಬೆಂಕಿಯನ್ನೂ ತಡೆಯುತ್ತವೆ. ನೀರನ್ನು ತಡೆಯುತ್ತೆ ಅಂತ ನಂಬಬೇಡಿ. ಬಾಗಿಲ ಸಂದಿಯಿಂದ ಒಳಗೆ ಬಂದ ನೀರು ಇಳಿದು ಹೋದರೂ ತೇವ ಅಲ್ಲೇ ಕೂರುತ್ತೆ. ಚರ್ಮದ ಚೀಲ, ಬಟ್ಟೆಯ ಕವರು ಆ ತೇವವನ್ನು ಕೋವಿಗೇ ಅಂಟಿಸಿಡುತ್ತವೆ. ನೆರೆ ಮಾಡುವ ಹಾನಿಗಿಂತ, ನೆರೆ ಇಳಿದ ಮೇಲೆ ಬೀಗ ತೆಗೆಯದೆ ಕೂತ ದಿನಗಳು ಮಾಡುವ ಹಾನಿಯೇ ದೊಡ್ಡದು.

ಮಾಡಬೇಕಾದ್ದು ಇಷ್ಟೇ. ತಿಜೋರಿ ನೆಲದ ಮೇಲೆ ಬೇಡ. ಮಹಡಿಯಿದ್ದರೆ ಮೇಲೆ, ಇಲ್ಲದಿದ್ದರೆ ಗೋಡೆಗೆ ಎತ್ತರದಲ್ಲಿ ಭದ್ರವಾಗಿ ಕೂರಿಸಿ. ಲೈಸೆನ್ಸ್ ಪ್ಲಾಸ್ಟಿಕ್ ಕವರಿನಲ್ಲಿರಲಿ. ನೀರು ಹೊಕ್ಕಿದ್ದರೆ ಕೋವಿಯಲ್ಲಿ ತೋಟಾ ಇಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಕೆಸರು ಒಣಗುವ ಮುಂಚೆ ಶುದ್ಧ ನೀರಲ್ಲಿ ತೊಳೆದು, ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿ. ಆಮೇಲೆ ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ. ಅವರು ಸರಿಯಿದೆ ಅನ್ನೋವರೆಗೆ ಗುಂಡು ಹಾರಿಸಲೇಬೇಡಿ. ನಳಿಗೆಯಲ್ಲಿ ಕೆಸರು ಕಟ್ಟಿದ್ದರೆ ಅದು ನಿಮ್ಮ ಮುಖದ ಮುಂದೆಯೇ ಸಿಡಿಯಬಹುದು. ನೆನೆದ ತೋಟಾವನ್ನು ಒಲೆ ಪಕ್ಕ ಒಣಗಿಸುವ ಸಾಹಸವೂ ಬೇಡ, ಪೊಲೀಸರನ್ನು ಕೇಳಿ. ಕೋವಿ ಕೊಚ್ಚಿಹೋಗಿದ್ದರೆ ತಕ್ಷಣ ಠಾಣೆಗೆ ತಿಳಿಸಿ. ಅದು ಯಾರದೋ ಗದ್ದೆಯಲ್ಲಿ ಯಾರದೋ ಮಗುವಿನ ಕೈಗೆ ಸಿಗಬಾರದು.

ಸರ್ಕಾರಕ್ಕೂ ಒಂದು ಮಾತು. ಚುನಾವಣೆ ಬಂದ್ರೆ ಕೋವಿ ತಂದು ಠಾಣೆಯಲ್ಲಿ ಠೇವಣಿ ಇಡಿ ಅಂತೀರಿ. ರೈತ ಮರುಮಾತಾಡದೆ ತಂದಿಡ್ತಾನೆ. ಗೇಟು ತೆರೆಯುವ ಮುನ್ನ ಹೊಳೆ ದಂಡೆಯವರಿಗೂ ಅದೇ ಮಾತು ಹೇಳಬಹುದಲ್ಲ? ಮತ ಕಾಯೋದಕ್ಕೆ ಇರುವ ವ್ಯವಸ್ಥೆ ಮನೆ ಕಾಯೋದಕ್ಕೂ ಇರಲಿ.