ಒಂದೇ ತಪ್ಪು ಎರಡು ಕಡೆ: ವಿಜ್ಞಾನ ಸುದ್ದಿಯನ್ನು ಓಲೆಗರಿಯಂತೆ ಓದಿದವರ ಕುರಿತು ಒಂದು ಟಿಪ್ಪಣಿ

ಹಸ್ತಪ್ರತಿ ಓದುವವರು ಮೊದಲ ವರ್ಷವೇ ಕಲಿಯುವ ಸೂತ್ರವೊಂದಿದೆ. ಎರಡು ಪ್ರತಿಗಳು ಸರಿಯಾದ ಪಾಠದಲ್ಲಿ ಹೊಂದಿಕೊಂಡರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ತಪ್ಪಿನಲ್ಲಿ ಹೊಂದಿಕೊಂಡರೆ ಅವುಗಳ ನಂಟಸ್ತಿಕೆ ಬಯಲಾಗುತ್ತದೆ. ಒಬ್ಬ ಲಿಪಿಕಾರ ಕಣ್ಣು ಜಾರಿ ಅರ್ಧ ಸಾಲು ಬಿಡುವುದು ಸಹಜ. ಬೇರೆ ಊರಿನ, ಬೇರೆ ಕಾಲದ ಇನ್ನೊಬ್ಬ ಅದೇ ಪದ್ಯದ ಅದೇ ಅರ್ಧ ಸಾಲನ್ನು ಬಿಟ್ಟು, ಮುಂದಿನ ಸಾಲಿನ ಅದೇ ಅಕ್ಷರವನ್ನು ಎರಡು ಸಲ ಕೊರೆದಿದ್ದರೆ, ಇಬ್ಬರ ಮುಂದೆಯೂ ಒಂದೇ ಮಾತೃಕೆ ಇತ್ತೆಂದು ಬರೆದುಕೊಳ್ಳುತ್ತೇವೆ. ಉತ್ತರಪತ್ರಿಕೆ ತಿದ್ದುವ ಮೇಷ್ಟ್ರುಗಳಿಗೂ ಇದು ಗೊತ್ತು. ಸರಿ ಉತ್ತರ ಇಬ್ಬರದೂ ಒಂದೇ ಆದರೆ ಅಂಕ ಕೊಡುತ್ತಾರೆ, ತಪ್ಪು ಉತ್ತರ ಒಂದೇ ಆದರೆ ಇಬ್ಬರನ್ನೂ ಕರೆಸುತ್ತಾರೆ.

ನಾನು ಭೌತಶಾಸ್ತ್ರದವನಲ್ಲ. ಈ ಟಿಪ್ಪಣಿಗೆ ಕಾರಣವಾದದ್ದು 2018ರ ಆಗಸ್ಟ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಪ್ರಬಂಧಕ್ಕೆ ಬಂದ ಪ್ರತಿಕ್ರಿಯೆ. ಆ ಪ್ರತಿಕ್ರಿಯೆಯಲ್ಲಿ ನಮ್ಮ ಗ್ರಂಥಸಂಪಾದನೆಯ ಸೂತ್ರವೇ ವೇಷ ಬದಲಿಸಿ ಕುಳಿತಿತ್ತು.

ಆ ವರ್ಷ ಜುಲೈ 23ರಂದು ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ ಅವರು ಆರ್ಕೈವ್ ಎಂಬ ಮುಕ್ತ ಪ್ರಿಪ್ರಿಂಟ್ ಭಂಡಾರದಲ್ಲಿ ಪ್ರಬಂಧವೊಂದನ್ನು ಇಟ್ಟರು. ಚಿನ್ನದ ಒಡಲಲ್ಲಿ ಬೆಳ್ಳಿಯ ನ್ಯಾನೊ ಕಣಗಳನ್ನು ಹುದುಗಿಸಿ ಮಾಡಿದ ವಸ್ತು 236 ಕೆಲ್ವಿನ್‌ನಲ್ಲಿ, ಎಂದರೆ ಸೊನ್ನೆಗಿಂತ 37 ಡಿಗ್ರಿ ಸೆಲ್ಸಿಯಸ್ ಕೆಳಗೆ, ಮಾಮೂಲಿ ವಾಯುಒತ್ತಡದಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆ ಎಂಬುದು ಅದರ ವಾದ. ವಿದ್ಯುತ್ತಿಗೆ ಕಿಂಚಿತ್ತೂ ತಡೆಯೊಡ್ಡದ ಈ ಗುಣವನ್ನು 1911ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಮೊದಲು ಕಂಡದ್ದು 4.2 ಕೆಲ್ವಿನ್‌ನಲ್ಲಿ. ಅಂದಿನಿಂದ ಈ ಕ್ಷೇತ್ರದವರು ಆ ಅಂಕಿಯನ್ನು ಮೇಲೆತ್ತಲು ಹೆಣಗುತ್ತಲೇ ಇದ್ದಾರೆ. ಚಿನ್ನವಾಗಲಿ ಬೆಳ್ಳಿಯಾಗಲಿ ತಾನೇ ತಾನಾಗಿ ಎಷ್ಟು ತಣ್ಣಗಾದರೂ ಈ ಗುಣ ತೋರಿದ್ದಿಲ್ಲ. ಎರಡೂ ಸೇರಿದ್ದೇ ತೋರಿದವು ಎಂದರೆ ಸುದ್ದಿ ಆಗದೆ ಇರುತ್ತದೆಯೇ? ಪತ್ರಿಕೆಗಳು ಬರೆದವು, ನಾವು ಹೆಮ್ಮೆಪಟ್ಟೆವು.

ಅಮೆರಿಕದ ಎಂಐಟಿಯಲ್ಲಿ ಆಗ ಸಂಶೋಧನೆ ನಡೆಸುತ್ತಿದ್ದ ಬ್ರಯಾನ್ ಸ್ಕಿನ್ನರ್ ಮಾತ್ರ ಪ್ರಬಂಧದ ಒಂದು ಚಿತ್ರವನ್ನು ಹಿಗ್ಗಿಸಿ ನೋಡುತ್ತಿದ್ದರು. ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ವಸ್ತುವಿನ ಕಾಂತೀಯ ಪ್ರತಿಕ್ರಿಯೆ ಉಷ್ಣಾಂಶದೊಡನೆ ಹೇಗೆ ಬದಲಾಗುತ್ತದೆ ಎಂದು ಬಣ್ಣ ಬಣ್ಣದ ಚುಕ್ಕೆಗಳಲ್ಲಿ ತೋರಿಸಿದ ಚಿತ್ರ ಅದು. ಎಂಥ ಒಳ್ಳೆಯ ಉಪಕರಣದಲ್ಲೂ ಚುಕ್ಕೆಗಳು ಗೆರೆ ಹೊಡೆದಂತೆ ನಿಲ್ಲುವುದಿಲ್ಲ. ಒಂದು ಕೂದಲೆಳೆ ಮೇಲೆ, ಮುಂದಿನದು ಕೆಳಗೆ, ಆಮೇಲಿನದು ಇನ್ನೂ ಕೆಳಗೆ. ಅದು ಅಳತೆಯ ಗದ್ದಲ. ಸಂತೆಯ ಗದ್ದಲದ ಹಾಗೆ ಅದಕ್ಕೆ ನೆನಪಿಲ್ಲ. ಇಂದಿನದು ನಾಳೆ ಅದೇ ಕ್ರಮದಲ್ಲಿ ಮರಳುವುದಿಲ್ಲ. ಆದರೆ ಆ ಚಿತ್ರದ ಹಸಿರು ಚುಕ್ಕೆಗಳ ಏರಿಳಿತವೂ ನೀಲಿ ಚುಕ್ಕೆಗಳ ಏರಿಳಿತವೂ ಒಂದರ ಮೇಲೊಂದು ಇಟ್ಟಂತೆ ಹೊಂದುತ್ತಿದ್ದವು, ನಡುವೆ ಒಂದೇ ಸಮನಾದ ಅಂತರ ಬಿಟ್ಟರೆ. ಎರಡು ಪ್ರತ್ಯೇಕ ಅಳತೆಗಳಲ್ಲಿ ಒಂದೇ ಗದ್ದಲ!

ಸ್ಕಿನ್ನರ್ ಇದನ್ನು ಪುಟ್ಟ ಟಿಪ್ಪಣಿಯಾಗಿ ಅದೇ ಆರ್ಕೈವ್‌ನಲ್ಲಿ ಇಟ್ಟರು. ಅದರಲ್ಲಿ ನನಗೆ ಹಿಡಿಸಿದ್ದು ಅದರ ಮಿತಿ. ಗದ್ದಲ ಮರುಕಳಿಸಿದೆ, ಇದಕ್ಕೆ ಕಾರಣ ತನಗೆ ಹೊಳೆಯುತ್ತಿಲ್ಲ ಎಂಬಲ್ಲಿಗೆ ಅವರು ಕೈಬಿಡುತ್ತಾರೆ. ಮೋಸ ಎಂಬ ಮಾತಿಲ್ಲ. ಇರಬಾರದು ಕೂಡ. ನಾವು ಗದ್ದಲವೆಂದು ತಿಳಿದದ್ದು ವಸ್ತುವಿನದೇ ಗುಣವಾಗಿರಬಹುದು ಎಂಬ ಸಾಧ್ಯತೆಯನ್ನು ಭೌತವಿಜ್ಞಾನಿಗಳು ಆಗಲೇ ಚರ್ಚಿಸಿದ್ದರು. ಒಂದೇ ಸ್ಖಾಲಿತ್ಯ ಎರಡು ಪ್ರತಿಗಳಲ್ಲಿ ಕಂಡಾಗ ನಾವೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ ಅಲ್ಲವೇ: ನಿಜಕ್ಕೂ ಇದು ಸ್ಖಾಲಿತ್ಯವೋ, ಅಥವಾ ನಮಗೆ ತಿಳಿಯದ ಹಳೆಯ ರೂಪವೋ?

ಈ ಪ್ರಕರಣದ ಇನ್ನೊಂದು ತುಣುಕು ಪಠ್ಯವಿಮರ್ಶಕನಿಗೆ ಹಬ್ಬದೂಟ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರತಾಪ್ ರಾಯ್‌ಚೌಧುರಿ ಈ ವಿಷಯದಲ್ಲಿ ಬಹಿರಂಗವಾಗಿ ಬರೆಯುತ್ತಿದ್ದರು. ಅವರಿಗೆ ಹಿರಿಯ ಭೌತವಿಜ್ಞಾನಿ ಟಿ.ವಿ. ರಾಮಕೃಷ್ಣನ್ ಅವರ ಹೆಸರಿನಲ್ಲಿ ಒಂದು ಮಿಂಚಂಚೆ ಬಂತು. ವಿಚಾರಿಸಿದರೆ ರಾಮಕೃಷ್ಣನ್ ಅವರು ಅದನ್ನು ಬರೆದೇ ಇರಲಿಲ್ಲ. ಯಾರೋ ಅವರ ಹೆಸರಿನ ವಿಳಾಸ ಸೃಷ್ಟಿಸಿ ಕಳಿಸಿದ್ದು. ಚಿನ್ನ ಬೆಳ್ಳಿಯ ಪ್ರಬಂಧವೊಂದರ ಸುತ್ತ ಕರ್ತೃತ್ವದ ಸಮಸ್ಯೆಯೂ ಬಂದು ಕೂತಿತು, ಪ್ರಕ್ಷಿಪ್ತ ಪತ್ರವೂ ಸಿಕ್ಕಿತು.

2019ರ ಮೇ ತಿಂಗಳಲ್ಲಿ ಅದೇ ಪ್ರಬಂಧದ ವಿಸ್ತರಿಸಿದ ರೂಪ ಬಂತು. ಕರ್ತೃಗಳು ಹತ್ತು ಮಂದಿ, ಉಷ್ಣಾಂಶ 286 ಕೆಲ್ವಿನ್, ಅಂದರೆ 13 ಡಿಗ್ರಿ. ಬೆಂಗಳೂರಿನ ಜನವರಿಯ ಬೆಳಗಿನ ಜಾವದಷ್ಟು. ಶೀರ್ಷಿಕೆಯಿಂದ 'ಸೂಪರ್‌ಕಂಡಕ್ಟಿವಿಟಿ' ಎಂಬ ಪದ ಕಾಣೆಯಾಗಿ, ಆ ಜಾಗದಲ್ಲಿ ಡಯಾಮ್ಯಾಗ್ನೆಟಿಸಂ ಮತ್ತು ಗಣನೆಗೆ ಸಿಗದಷ್ಟು ಕಡಿಮೆ ರೋಧ ಒಟ್ಟಿಗೆ ಇರುವ ಬಗೆಗಿನ ಮಾತು ಬಂತು. ಪಾಠಾಂತರ ನೋಡಿ ಬದುಕುವ ನಮ್ಮಂಥವರಿಗೆ ಈ ಒಂದು ಪದದ ಅಳಿವೇ ಅರ್ಧ ಅಧ್ಯಾಯ.

ಈ ಕ್ಷೇತ್ರದವರ ವಿನೋದವನ್ನೂ ಇಲ್ಲಿ ದಾಖಲಿಸಬೇಕು. ಒಮ್ಮೆ ಕಂಡು ಮತ್ತೆ ಯಾರ ಕೈಗೂ ಸಿಗದ ಇಂಥ ವಸ್ತುಗಳಿಗೆ ಅವರು ಹಾರುವ ತಟ್ಟೆಗಳ 'ಯುಎಫ್ಒ' ಮಾದರಿಯಲ್ಲಿ 'ಯುಎಸ್ಒ' ಎಂದು ಹೆಸರಿಟ್ಟಿದ್ದಾರೆ, ಗುರುತು ಸಿಗದ ಸೂಪರ್‌ಕಂಡಕ್ಟಿಂಗ್ ವಸ್ತು ಎಂಬ ಅರ್ಥದಲ್ಲಿ. ಕೋಣೆಯ ಉಷ್ಣಾಂಶದ ಸೂಪರ್‌ಕಂಡಕ್ಟರ್ ಬೇಕಾದರೆ ಕೋಣೆಯನ್ನೇ ತಣ್ಣಗೆ ಮಾಡಿ ಎಂಬುದು ಇನ್ನೊಂದು ಹಳೆಯ ಚಟಾಕಿ. ನಗು ಬರುತ್ತದೆ, ಆದರೆ ಇದರಿಂದ ಯಾವ ಪ್ರಬಂಧವೂ ಬೀಳುವುದಿಲ್ಲ, ಏಳುವುದೂ ಇಲ್ಲ. ಸ್ಕಿನ್ನರ್ ತೋರಿಸಿದ್ದು ಅಂಥದ್ದಲ್ಲ. ಹಸಿರು ಮತ್ತು ನೀಲಿ ಚುಕ್ಕೆಗಳನ್ನು ಯಾರು ಬೇಕಾದರೂ ಹಿಗ್ಗಿಸಿ ನೋಡಬಹುದು. ಬರಿಯ ಕೊಂಕಿಗೂ ಅನುಮಾನಕ್ಕೂ ನಾನು ಎಳೆಯುವ ಗೆರೆ ಇಲ್ಲಿದೆ: ಓದುಗನ ಕೈಗೆ ಒಂದು ಒರೆಗಲ್ಲು ಕೊಟ್ಟಿತೇ, ಇಲ್ಲವೇ?

2011ರ ಸೆಪ್ಟೆಂಬರ್‌ನ ನ್ಯೂಟ್ರಿನೊ ಪ್ರಕರಣದಲ್ಲಿ ಎರಡೂ ಬಗೆ ಪಕ್ಕಪಕ್ಕದಲ್ಲೇ ಸಿಗುತ್ತವೆ. ಜಿನೀವಾ ಬಳಿಯ ಸೆರ್ನ್‌ನಿಂದ ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಪ್ರಯೋಗಾಲಯಕ್ಕೆ ಸುಮಾರು 730 ಕಿಲೋಮೀಟರ್ ಹಾದಿಯಲ್ಲಿ ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ಬಂದವು ಎಂದು ಒಪೆರಾ ತಂಡ ವರದಿ ಮಾಡಿತು. ಜಗತ್ತಿನ ತುಂಬ ಚಟಾಕಿ ಹಾರಿತು. ಹೆಂಡದಂಗಡಿಯವನು ನ್ಯೂಟ್ರಿನೊಗಳಿಗೆ ಇಲ್ಲಿ ಕೊಡುವುದಿಲ್ಲ ಎಂದು ಗದರಿಸಿದ ಮೇಲೆ ನ್ಯೂಟ್ರಿನೊ ಅಂಗಡಿಯೊಳಗೆ ಕಾಲಿಡುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ಜಿಮ್ ಅಲ್-ಖಲೀಲಿ, ಇದು ನಿಜವಾದರೆ ಟಿವಿಯ ನೇರ ಪ್ರಸಾರದಲ್ಲೇ ತಮ್ಮ ಚಡ್ಡಿ ತಿನ್ನುವುದಾಗಿ ಹೇಳಿದರು. ಅದು ಪಂಥ, ಒರೆಗಲ್ಲಲ್ಲ.

ಒರೆಗಲ್ಲು ಬೇರೆಡೆ ಇತ್ತು. 1987ರ ಫೆಬ್ರುವರಿಯಲ್ಲಿ ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೊಗಳು ಅದರ ಬೆಳಕಿಗಿಂತ ಕೆಲವು ಗಂಟೆ ಮೊದಲು ಭೂಮಿ ಮುಟ್ಟಿದ್ದವು. ಆ ಗಂಟೆಗಳಿಗೆ ಕಾರಣ ಗೊತ್ತಿತ್ತು: ಒಳಗಿನ ಸ್ಫೋಟದ ಹೊಡೆತ ನಕ್ಷತ್ರದ ಮೇಲ್ಮೈಗೆ ಬರುವವರೆಗೆ ಬೆಳಕು ಕಾಯಬೇಕು. ಒಪೆರಾ ಹೇಳಿದ ವೇಗವೇ ಅವಕ್ಕೂ ಇದ್ದಿದ್ದರೆ ಗಂಟೆಗಳಲ್ಲ, ನಾಲ್ಕು ವರ್ಷ ಮೊದಲೇ ಬಂದಿರಬೇಕಿತ್ತು. ಒಂದು ಕಾಗದ, ಒಂದು ಗುಣಾಕಾರ ಸಾಕು. ಆದರೂ ಇದನ್ನೇ ಕೊನೆಯ ಮಾತೆನ್ನುವಂತಿರಲಿಲ್ಲ, ಏಕೆಂದರೆ ಒಪೆರಾದ ಕಣಗಳ ಶಕ್ತಿ ನಕ್ಷತ್ರದ ಕಣಗಳಿಗಿಂತ ಬಹಳ ಹೆಚ್ಚು. ಬೇರೆ ಶಾಖೆಯ ಪ್ರತಿ ಬೇರೆ ಪಾಠ ಹೇಳಿದರೆ ಅದನ್ನು ಥಟ್ಟನೆ ಹೊಡೆದುಹಾಕಲಾಗುವುದಿಲ್ಲ. 2012ರಲ್ಲಿ ಕಾರಣ ಸಿಕ್ಕಿತು. ಗಡಿಯಾರಕ್ಕೆ ಸಂಕೇತ ತರುವ ಆಪ್ಟಿಕಲ್ ಫೈಬರ್ ಕೇಬಲ್ಲಿನ ಜೋಡಣೆ ಸಡಿಲವಾಗಿತ್ತು. ಚಡ್ಡಿ ಬಚಾವಾಯಿತು.

2023ರ ಜುಲೈ 22ರಂದು ದಕ್ಷಿಣ ಕೊರಿಯಾದಿಂದ ಬಂದ 'ಎಲ್‌ಕೆ-99' ನನ್ನ ಮಟ್ಟಿಗೆ ಗ್ರಂಥಸಂಪಾದನೆಯ ಅತಿ ಚೆಲುವಾದ ಉದಾಹರಣೆ. ತಾಮ್ರ ಬೆರೆಸಿದ ಸೀಸದ ಅಪಟೈಟ್ 127 ಡಿಗ್ರಿ ಸೆಲ್ಸಿಯಸ್‌ವರೆಗೂ ಸೂಪರ್‌ಕಂಡಕ್ಟರ್ ಎಂಬ ಘೋಷಣೆ. ಹೆಸರಿನಲ್ಲಿರುವುದು ಲೀ, ಕಿಮ್ ಎಂಬ ಇಬ್ಬರ ಮೊದಲಕ್ಷರ, 1999 ಎಂಬ ವರ್ಷ. ಅಯಸ್ಕಾಂತದ ಮೇಲೆ ಒಂದು ಬದಿ ಎದ್ದು ಇನ್ನೊಂದು ಬದಿ ಊರಿಕೊಂಡೇ ಇದ್ದ ಕಪ್ಪು ಚೂರಿನ ವಿಡಿಯೊ ಮನೆಮನೆಗೆ ತಲುಪಿತು. ಅರ್ಧ ತೇಲುವುದೂ ತೇಲುವುದೇ ಎಂದು ನಂಬಲು ಜನ ಸಿದ್ಧವಿದ್ದರು.

ಪ್ರಬಂಧದಲ್ಲಿ ರೋಧ ಥಟ್ಟನೆ ಕುಸಿದದ್ದು 104.8 ಡಿಗ್ರಿಯಲ್ಲಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಪ್ರಶಾಂತ್ ಜೈನ್ ಅವರಿಗೆ ಆ ಅಂಕಿಯನ್ನು ಎಲ್ಲೋ ನೋಡಿದ ನೆನಪು. ತಾಮ್ರದ ಸಲ್ಫೈಡ್ ಒಂದು ರಚನೆಯಿಂದ ಇನ್ನೊಂದಕ್ಕೆ ಹೊರಳುವುದು ಸರಿಸುಮಾರು ಅಲ್ಲೇ. ಆಗ ಅದರ ರೋಧವೂ ಥಟ್ಟನೆ ಬದಲಾಗುತ್ತದೆ. ಎಲ್‌ಕೆ-99 ತಯಾರಿಸುವ ಪಾಕದಲ್ಲಿ ಅದೇ ಸಲ್ಫೈಡ್ ಕಸರಾಗಿ ಉಳಿಯುತ್ತದೆ! ಹೊಸ ಕೃತಿಯೆಂದು ಓದುತ್ತಿದ್ದ ಪ್ರತಿಯ ನಡುವೆ ಹಳೆಯ ಕೃತಿಯ ಸಾಲೊಂದನ್ನು ಗುರುತು ಹಿಡಿದಂತಾಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ವಸ್ತುವನ್ನು ತಾವೇ ಮಾಡಿ ನೋಡಿ ಇದು ಸೂಪರ್‌ಕಂಡಕ್ಟರ್ ಅಲ್ಲವೆಂದರು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಸಲ್ಫೈಡ್ ಸೋಂಕದ ಶುದ್ಧ ಹರಳು ಬೆಳೆಸಿದರು. ಅದು ನೇರಳೆ ಬಣ್ಣದ್ದು, ಪಾರದರ್ಶಕ, ವಿದ್ಯುತ್ತನ್ನು ಹರಿಯಗೊಡದ ಅವಾಹಕ.

ನಮ್ಮ ನೆಲದಲ್ಲೂ ಈ ಬಗೆಯ ಓದಿಗೆ ಗಟ್ಟಿ ಪೂರ್ವಪರಂಪರೆ ಇದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ' 1973ರಲ್ಲಿ ಜಿ.ಆರ್. ಜೋಯ್ಸರ್ ಅವರಿಂದ ಮೈಸೂರಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು. ಭರದ್ವಾಜ ಋಷಿಯ ವಿಮಾನಗಳೆಂದು ಸುದ್ದಿಯಾಯಿತು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು ಕೂಡಿ ಅದರ ವಿಮರ್ಶೆ ಬರೆದರು. ಎಂಜಿನಿಯರುಗಳು ಲೆಕ್ಕದಿಂದಲೇ ಶುರುಮಾಡುತ್ತಾರೆ ಎಂದುಕೊಂಡರೆ ಅವರು ಮೊದಲು ಹಿಡಿದದ್ದು ಪಠ್ಯದ ಜಾಡು. ಯಾರು ಹೇಳಿದರು, ಯಾರು ಬರೆದುಕೊಂಡರು, ಸಂಸ್ಕೃತ ಯಾವ ಕಾಲದ್ದು, ಚಿತ್ರ ಬರೆದವರು ಯಾರು? ಭಾಷೆ ವೈದಿಕವಲ್ಲ, ಸರಳವಾದ ಆಧುನಿಕ ಸಂಸ್ಕೃತ. ಚಿತ್ರಗಳು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ನಕ್ಷೆಗಾರ ಎಲ್ಲಪ್ಪನವರ ಕೈಯವು. ಕೃತಿ 1904ಕ್ಕಿಂತ ಹಿಂದಿನದಲ್ಲ ಎಂಬ ತೀರ್ಮಾನಕ್ಕೆ ಬಂದ ಮೇಲೆ ಅವರು ವಿಮಾನದ ಲೆಕ್ಕಕ್ಕೆ ಕೈಹಾಕಿದರು. ಶಕುನ, ಸುಂದರ, ರುಕ್ಮ, ತ್ರಿಪುರ, ನಾಲ್ಕರಲ್ಲಿ ಒಂದಕ್ಕೂ ಹಾರುವ ಲಕ್ಷಣವಿಲ್ಲವೆಂದು ಕಂಡರು. 2015ರ ಜನವರಿಯಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಮಾತು ಮತ್ತೆ ಎದ್ದಾಗ ಲೇವಡಿ ಬೇಕಾದಷ್ಟು ಹರಿದಾಡಿತು. 1974ರ ಆ ಲೇಖನವನ್ನು ತೆಗೆದು ಓದಿದವರು ಅಷ್ಟು ಮಂದಿ ಇದ್ದಂತೆ ಕಾಣಲಿಲ್ಲ.

ನನ್ನ ವಾದಕ್ಕೆ ತಿರುಗೇಟು ಕೊಡುವ ಒಂದು ಪ್ರಕರಣವನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. 1920ರ ಜನವರಿ 13ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಪಾದಕೀಯ ಪುಟ ರಾಬರ್ಟ್ ಗಾಡ್ಡಾರ್ಡ್ ಅವರನ್ನು ಗೇಲಿ ಮಾಡಿತು. ಒತ್ತಿ ಚಿಮ್ಮಲು ಗಾಳಿಯಿಲ್ಲದ ನಿರ್ವಾತದಲ್ಲಿ ರಾಕೆಟ್ ಕೆಲಸ ಮಾಡದು, ಪ್ರೌಢಶಾಲೆಯ ಹುಡುಗರಿಗೂ ಗೊತ್ತಿರುವ ಸಂಗತಿ ಈ ಪ್ರಾಧ್ಯಾಪಕರಿಗೆ ಗೊತ್ತಿಲ್ಲ ಎಂಬ ಧಾಟಿ. ಆ ಗೇಲಿಯಲ್ಲಿ ಒರೆಗಲ್ಲು ಇತ್ತು ಎಂಬುದನ್ನು ಒಪ್ಪಬೇಕು, ಪರೀಕ್ಷಿಸಬಹುದಾದ ಮಾತೇ ಅದು. ತೊಂದರೆ ಇಷ್ಟೇ: ಪರೀಕ್ಷೆ ಆಗಲೇ ಮುಗಿದಿತ್ತು. ನಿರ್ವಾತ ಮಾಡಿದ ಕೊಳವೆಯೊಳಗೆ ರಾಕೆಟ್ಟನ್ನು ಉರಿಸಿ ಅದು ತಳ್ಳುವುದನ್ನು ಗಾಡ್ಡಾರ್ಡ್ ಅಳೆದಿದ್ದರು. ಸ್ಮಿತ್‌ಸೋನಿಯನ್ ಸಂಸ್ಥೆ ಪ್ರಕಟಿಸಿದ ಪ್ರಬಂಧದಲ್ಲಿ, ಸಂಪಾದಕರು ನಕ್ಕ ಅದೇ ಪ್ರಬಂಧದಲ್ಲಿ, ಆ ಅಳತೆಗಳು ಅಚ್ಚಾಗಿದ್ದವು. ಪತ್ರಿಕೆ ತಪ್ಪು ತಿದ್ದಿಕೊಂಡು ವಿಷಾದ ಪ್ರಕಟಿಸಿದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮರುದಿನ. ಗಾಡ್ಡಾರ್ಡ್ 1945ರಲ್ಲೇ ತೀರಿಕೊಂಡಿದ್ದರು.