ಹಿಂದೆ ಕುಳಿತ ನಾದ



ಈ ಬಾರಿ ಹಾಡೇ ಇಲ್ಲದ ಒಂದು ಆಲ್ಬಮ್‌ನ ಕಥೆ ಹೇಳುತ್ತೇನೆ. ಅದರಲ್ಲಿ ತಾಳವಿಲ್ಲ, ಪಲ್ಲವಿಯಿಲ್ಲ, ಗುನುಗಿಕೊಳ್ಳಲು ಒಂದು ಸಾಲೂ ಇಲ್ಲ. ಆದರೂ ಅದನ್ನು ಕೇಳುತ್ತಾ ಕಣ್ಣು ಒದ್ದೆ ಮಾಡಿಕೊಂಡವರು ಎಷ್ಟೋ ಜನ. 1978ರಲ್ಲಿ ಇಂಗ್ಲೆಂಡಿನ ಬ್ರಯನ್ ಈನೋ ಹೊರತಂದ ಅದರ ಹೆಸರು ‘ಆಂಬಿಯೆಂಟ್ 1: ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’, ಅಂದರೆ ವಿಮಾನ ನಿಲ್ದಾಣಗಳಿಗಾಗಿ ಸಂಗೀತ. ಆಂಬಿಯೆಂಟ್ ಎಂದರೆ ಸುತ್ತಲಿನ ಗಾಳಿಯ ಹಾಗೆ ಇರುವಂಥದ್ದು. ಗಮನ ಕೊಟ್ಟರೆ ಕೇಳುತ್ತದೆ, ಕೊಡದಿದ್ದರೆ ಬೇಸರವಿಲ್ಲದೆ ಹಿಂದೆ ಕುಳಿತಿರುತ್ತದೆ.

ಏನೂ ಹೇಳದ ಸಂಗೀತ ಮನಸ್ಸನ್ನು ಹೀಗೆ ಕಲಕುವುದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟರೆ ದಾರಿ ಲಂಡನ್, ನ್ಯೂಯಾರ್ಕ್ ದಾಟಿ ನಮ್ಮ ಕುಂದಗೋಳ, ಮಿರಜಿನ ಹತ್ತಿರ ಬಂದು ನಿಲ್ಲುತ್ತದೆ. ಬನ್ನಿ, ಹೋಗಿ ಬರೋಣ.

ಈನೋಗೆ ಈ ಆಲೋಚನೆ ಹೊಳೆದದ್ದು ಜರ್ಮನಿಯ ಕಲೋನ್ ವಿಮಾನ ನಿಲ್ದಾಣದಲ್ಲಿ ಕಾಯುತ್ತಾ ಕುಳಿತಿದ್ದಾಗ. ಕಟ್ಟಡವೇನೋ ಚೆಂದವಾಗಿತ್ತು, ಅಲ್ಲಿ ಹಾಕಿದ್ದ ಸಂಗೀತ ಮಾತ್ರ ಅದಕ್ಕೆ ಒಪ್ಪುತ್ತಿರಲಿಲ್ಲ. ವಿಮಾನ ಹತ್ತುವವರ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ಎಲ್ಲವೂ ಮಜವಾಗಿದೆ ಎಂದು ನಟಿಸುವ ಸಂಗೀತ ಆ ಅಳುಕನ್ನು ಮುಟ್ಟುವುದಿಲ್ಲ. ಸಾವಿನ ಯೋಚನೆ ಬಂದರೂ ಮನುಷ್ಯ ನೆಮ್ಮದಿಯಿಂದ ಕುಳಿತಿರಬೇಕು, ಅಂಥ ಸಂಗೀತ ಬೇಕು ಎಂಬುದು ಈನೋ ಯೋಚನೆ.

ಅದನ್ನು ಮಾಡಿದ ರೀತಿ ಬಹಳ ಸರಳ. ಎರಡನೆಯ ಭಾಗವನ್ನೇ ತೆಗೆದುಕೊಳ್ಳಿ. ಕೆಲವು ಕಂಠಗಳ ‘ಆ’ಕಾರ, ಒಂದು ಟೇಪಿನಲ್ಲಿ ಒಂದೇ ಸ್ವರ. ಪ್ರತಿ ಟೇಪಿನ ತುದಿಗಳನ್ನು ಜೋಡಿಸಿ ಬಳೆಯ ಹಾಗೆ ಸುತ್ತಲು ಬಿಟ್ಟರು. ಒಂದು ಟೇಪು 23.5 ಸೆಕೆಂಡಿಗೊಮ್ಮೆ ಮರಳಿ ಬಂದರೆ ಇನ್ನೊಂದು ಸುಮಾರು 26 ಸೆಕೆಂಡಿಗೆ, ಮತ್ತೊಂದು ಸುಮಾರು 30 ಸೆಕೆಂಡಿಗೆ. ಯಾವುದರ ಅಳತೆಯೂ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾಗಿ ಸ್ವರಗಳು ಅವೇ ಆದರೂ ಅವು ಕೂಡುವ ಬಗೆ ಪ್ರತಿ ಸಲವೂ ಬೇರೆ. ಕೊನೆಯ ಭಾಗವಂತೂ ಪೂರ್ತಿ ಎ.ಆರ್.ಪಿ. 2600 ಎಂಬ ಸಿಂಥಸೈಜರ್‌ನ ನಾದ.

ಇದನ್ನು ಓದುವಾಗ ನಿಮಗೆ ನಮ್ಮ ತಂಬೂರಿ ನೆನಪಾಗಲಿಲ್ಲವೇ?

ತಂಬೂರಿಯಲ್ಲಿ ಸಾಮಾನ್ಯವಾಗಿ ನಾಲ್ಕು ತಂತಿ: ಒಂದು ಪಂಚಮ, ನಡುವೆ ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ನೂಲೆಳೆ ಸೇರಿಸುತ್ತಾರೆ. ಅದು ಸರಿಯಾದ ಜಾಗದಲ್ಲಿ ಕುಳಿತಾಗ ತಂತಿ ಝೇಂಕರಿಸತೊಡಗುತ್ತದೆ. ಶ್ರುತಿ ಚೆನ್ನಾಗಿ ಸೇರಿದರೆ, ಯಾರೂ ಮೀಟದ ಅಂತರ ಗಾಂಧಾರ ಮಂದ್ರದ ತಂತಿಯಿಂದ ತಾನಾಗಿಯೇ ಎದ್ದು ಬರುತ್ತದೆ. ಒಂದು ಮೀಟಿನ ನಾದ ಆರುವ ಮೊದಲೇ ಇನ್ನೊಂದು ಅದರ ಮೇಲೆ ಹರಡುತ್ತದೆ. ಬೆರಳಿನ ಒತ್ತು ಒಂದೊಂದು ಸಲ ಒಂದೊಂದು ತೆರ. ಹೀಗಾಗಿ ತಂಬೂರಿಯೂ ಅದೇ ಸ್ವರಗಳನ್ನು ಎಂದೂ ಅದೇ ರೀತಿ ನುಡಿಯುವುದಿಲ್ಲ.

ಈ ಹೋಲಿಕೆ ಬರೀ ಕಾಕತಾಳೀಯವಲ್ಲ. ಅಲಿ ಅಕ್ಬರ್ ಖಾನರು 1955ರಲ್ಲಿ ಅಮೆರಿಕದಲ್ಲಿ ಮುದ್ರಿಸಿದ ಸರೋದ್ ವಾದನದ ರೆಕಾರ್ಡ್ ಕೇಳಿ ಮನಸೋತವರಲ್ಲಿ ಲಾ ಮಾಂಟ್ ಯಂಗ್ ಎಂಬ ಯುವ ಸಂಗೀತಗಾರನೂ ಒಬ್ಬ. ಅದರ ತಂಬೂರಿಯ ನಾದ ಆತನನ್ನು ಹಿಡಿದು ನಿಲ್ಲಿಸಿತು. 1960ರ ದಶಕದಲ್ಲಿ ಯಂಗ್ ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿಯುವ ಸಂಗೀತ ಕಟ್ಟಿದರು. 1970ರಲ್ಲಿ ಪಂಡಿತ್ ಪ್ರಾಣನಾಥ್ ನ್ಯೂಯಾರ್ಕಿಗೆ ಹೋದಾಗ ಯಂಗ್ ಮತ್ತು ಅವರ ಗೆಳೆಯ ಟೆರ್ರಿ ರೈಲಿ ಶಿಷ್ಯರಾದರು. ತಂಬೂರಿಯ ಮುಂದೆ ಕುಳಿತು ಹೊಸದಾಗಿ ಪಾಠ ಶುರುಮಾಡಿದರು. ಈನೋ ಸಂಗೀತದ ಹಿಂದೆ ಯಂಗ್, ರೈಲಿ ಇಬ್ಬರ ಪ್ರಭಾವವೂ ಇದೆ.

ಈ ಪ್ರಾಣನಾಥರು ಕಿರಾನಾ ಘರಾನೆಯವರು, ಅಬ್ದುಲ್ ವಹೀದ್ ಖಾನರ ಶಿಷ್ಯರು. ವಹೀದ್ ಖಾನರ ಬಂಧು ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರಿಂದ ಮುಂದೆ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ನಿಮ್ಮ ಮನೆಯ ಕ್ಯಾಸೆಟ್ಟುಗಳಲ್ಲಿ ಕೇಳಿದ ಆ ನಿಧಾನದ ಆಲಾಪವೂ, ಈನೋ ಕಿವಿಗೆ ಬಿದ್ದ ನ್ಯೂಯಾರ್ಕಿನ ನಾದವೂ ಒಂದೇ ಮನೆತನದ ನೀರು ಕುಡಿದು ಬೆಳೆದವು.

ಕರೀಂ ಖಾನರ ಕೊನೆಯ ಗಳಿಗೆಯನ್ನು ಸಂಗೀತಗಾರರು ಇಂದಿಗೂ ನೆನೆಯುತ್ತಾರೆ. 1937ರ ಅಕ್ಟೋಬರ್‌ನಲ್ಲಿ ಅವರು ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತಾ ಕಣ್ಣುಮುಚ್ಚಿದರು ಎಂದು ಹೇಳುತ್ತಾರೆ. ಪ್ರಯಾಣದ ನಡುವೆ ಕಾಯುವ ಜಾಗ, ಎದುರಿಗೆ ಸಾವು, ಹಿಂದೆ ಅಲುಗದ ಒಂದು ನಾದ. 41 ವರ್ಷಗಳ ನಂತರ ಈನೋ ವಿಮಾನ ನಿಲ್ದಾಣಕ್ಕೆ ಬಯಸಿದ್ದೂ ಹೆಚ್ಚುಕಡಿಮೆ ಇದನ್ನೇ.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಈನೋ ಆಲ್ಬಮ್ ಬಂದ ಮರುವರ್ಷ, 1979ರಲ್ಲಿ, ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ರಾಡೆಲ್ ಎಂಬ ಅವರ ಸಂಸ್ಥೆಯ ಪೆಟ್ಟಿಗೆಗಳು ಮನೆಮನೆಗೂ ತಲುಪಿದವು. ಇದರ ಹಿಂದೆ ಇದ್ದದ್ದು ದೊಡ್ಡ ಸಿದ್ಧಾಂತವೇನಲ್ಲ, ಅಗತ್ಯ. ತಂಬೂರಿಯನ್ನು ಬಸ್ಸಿನಲ್ಲಿ ಹೊತ್ತೊಯ್ಯುವುದು ಕಷ್ಟ, ಬುರುಡೆ ಒಡೆದರೆ ಕೆಲಸ ಕೆಟ್ಟಿತು. ಮೀಟಲು ಜೊತೆಗೊಬ್ಬರು ಬೇಕು. ಊರು ಬಿಟ್ಟು ಬಂದು ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ಜೊತೆ ಎಲ್ಲಿಂದ ಬರಬೇಕು? ಆ ಪೆಟ್ಟಿಗೆ ಅವರ ಜೊತೆಗಾರನಾಯಿತು.

ಆದರೆ ಇದಕ್ಕೆ ತೆತ್ತದ್ದೂ ಉಂಟು. ತಂಬೂರಿಯ ಹಿಂದೆ ಕೂರುವುದು ಶಿಷ್ಯರಿಗೆ ಒಂದು ಪಾಠವಾಗಿತ್ತು. ಗುರುವಿನ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವರು ಅಲ್ಲಿ ಕಲಿಯುತ್ತಿದ್ದರು. ಗುಂಡಿ ಒತ್ತಿದರೆ ನಾದ ಬರುವಾಗ ಆ ಜಾಗ ಖಾಲಿಯಾಗುತ್ತದೆ. ಅತ್ತ ಪಂಢರಪುರದ ಕಡೆಯ ಬುರುಡೆ ತಂದು ಪೀಳಿಗೆಗಳಿಂದ ತಂಬೂರಿ ಕಟ್ಟುತ್ತಿರುವ ಮಿರಜಿನ ಕುಶಲಕರ್ಮಿಗಳಿಗೂ ಕಾಲ ಸುಲಭವಾಗಿಲ್ಲ. ಅವರ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಮಾನ್ಯತೆಯಿಂದ ಹೆಸರು ಉಳಿಯಬಹುದು, ಕಸುಬು ಉಳಿಯಲು ಕೊಳ್ಳುವವರೂ ಬೇಕು.

ಹಾಗಾದರೆ ಯಂತ್ರದ ನಾದಕ್ಕೆ ಜೀವವಿಲ್ಲವೇ? ಈನೋ ಆಲ್ಬಮ್ ಇದಕ್ಕೊಂದು ಉತ್ತರ ಕೊಡುತ್ತದೆ. ಅದೂ ಯಂತ್ರದ ಕೂಸೇ, ಆದರೂ ಮನಸ್ಸು ಮುಟ್ಟುತ್ತದೆ. ಏಕೆಂದರೆ ಅದರ ಟೇಪುಗಳು ಬೆರಳಿನ ಹಾಗೆ ಸ್ವಲ್ಪ ಸ್ವಲ್ಪ ತಪ್ಪಿಸಿಕೊಳ್ಳುತ್ತಾ ಸಾಗುತ್ತವೆ. ಗಡಿಯಾರದ ಹಾಗೆ ಒಂದೇ ಪೆಟ್ಟನ್ನು ಮತ್ತೆ ಮತ್ತೆ ಕೊಡುವ ನಾದ ಬೇಗ ಸಪ್ಪೆಯಾಗುತ್ತದೆ. ನಾದ ಹುಟ್ಟುವುದು ಮರದಿಂದಲೋ ಕರೆಂಟಿನಿಂದಲೋ ಎಂಬುದಕ್ಕಿಂತ, ಸ್ಥಿರತೆಯ ಒಳಗೆ ಒಂದು ಸಣ್ಣ ಚಲನೆ ಇದೆಯೇ ಎಂಬುದು ಮುಖ್ಯ. ಸ್ಥಿರತೆ ಧೈರ್ಯ ಕೊಡುತ್ತದೆ. ಆ ಚಲನೆಯಿಂದ ಯಾರೋ ಪಕ್ಕದಲ್ಲಿದ್ದಾರೆ ಅನ್ನಿಸುತ್ತದೆ. ಉಳಿದ ಭಾವವೆಲ್ಲ ನಮ್ಮದೇ.

ಹೈದರಾಬಾದಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಕಾಯುವುದು ಹೊಸದಲ್ಲ. ಕಾಚಿಗುಡ ಸ್ಟೇಷನ್ನಿನಲ್ಲಿ ಊರಿನ ರೈಲಿಗೆ, 2008ರ ಮಾರ್ಚ್‌ವರೆಗೆ ಬೇಗಂಪೇಟೆಯಲ್ಲಿ, ಆಮೇಲೆ ಶಂಶಾಬಾದಿನಲ್ಲಿ ವಿಮಾನಕ್ಕೆ. ಕೆಲವೊಮ್ಮೆ ಹಬ್ಬಕ್ಕೆ ಹೊರಟಿರುತ್ತೇವೆ. ಕೆಲವೊಮ್ಮೆ ನಡುರಾತ್ರಿಯ ಫೋನಿಗೆ ಓಗೊಟ್ಟು, ಹೋಗಿ ಮುಟ್ಟುವಷ್ಟರಲ್ಲಿ ಏನಾಗಿರುತ್ತದೋ ಎಂಬ ಭಯದಲ್ಲಿ ಕುಳಿತಿರುತ್ತೇವೆ. ಆ ಹೊತ್ತಿನಲ್ಲಿ ಹಾಡಿನ ಮಾತುಗಳು ರುಚಿಸುವುದಿಲ್ಲ.

ಅಂಥ ದಿನ ಬರುವ ಮೊದಲೇ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಮೊದಲು ಹತ್ತು ನಿಮಿಷ ಬರೀ ತಂಬೂರಿ, ಆಮೇಲೆ ಈನೋ ಆಲ್ಬಮ್‌ನ ಎರಡನೆಯ ಭಾಗ. ನಡುವೆ ಮಾತು ಬೇಡ. ಮನೆಯ ಹಿರಿಯರು ಪಕ್ಕದಲ್ಲಿದ್ದರೆ ಅವರಿಗೂ ಕೇಳಿಸಿ, ಅವರಿಗೆ ಏನು ನೆನಪಾಯಿತು ಎಂದು ವಿಚಾರಿಸಿ. ನಿಮಗೆ ಅನ್ನಿಸಿದ್ದನ್ನು ನಮಗೂ ಎರಡು ಸಾಲು ಬರೆದು ತಿಳಿಸಿ.

ಮತ್ತೆ ಸಿಗೋಣ, ಕೇಳುತ್ತಿರಿ.