ಜಾತಿ ಬಿಟ್ಟ ಮರುದಿನ

ಬಸವಕಲ್ಯಾಣ ಸೀಮೆಯ ಮುಡಬಿಯಲ್ಲಿ ನಿಂತು ಕ್ರೈಸ್ತ ಸಮುದಾಯದ ಇತಿಹಾಸ ಕೆದಕುವಾಗ ನಮಗೆ ಮೊದಲು ನೆನಪಾಗುವುದು ಹನ್ನೆರಡನೆಯ ಶತಮಾನದ ಕಲ್ಯಾಣವೇ. ಕಾಯಕ, ದಾಸೋಹಗಳ ಮೇಲೆ ಹೊಸ ಬಾಳು ಕಟ್ಟಲು ಹೊರಟ ಶರಣರು ಜಾತಿ ಮೀರಿದ ಒಂದು ಮದುವೆಯ ನೆಪದಲ್ಲಿ ಚದುರಿಹೋದರೆಂದು ಪರಂಪರೆ ಹೇಳುತ್ತದೆ. ನಂಬಿಕೆ ಬದಲಿಸಲು ಒಂದು ದಿನ ಸಾಕು. ಮರುದಿನ ಯಾರ ಮನೆಯಲ್ಲಿ ಉಣ್ಣುವುದು, ಮಕ್ಕಳಿಗೆ ಎಲ್ಲಿಂದ ಸಂಬಂಧ ತರುವುದು? ಮಕ್ಕಾ ತೊರೆದು ಕ್ರಿ.ಶ. 622ರಲ್ಲಿ ಮದೀನಾ ಸೇರಿದ ಮುಹಾಜಿರ್‌ಗಳ ಮುಂದೆಯೂ ಇಂಥದೇ ಪ್ರಶ್ನೆಯಿತ್ತು. ಪ್ರವಾದಿ(ಸ)ಯವರು ಒಬ್ಬೊಬ್ಬ ಮುಹಾಜಿರ್‌ನನ್ನು ಒಬ್ಬೊಬ್ಬ ಅನ್ಸಾರಿಯೊಂದಿಗೆ ಸೋದರರನ್ನಾಗಿ ಬೆಸೆದು ಅದಕ್ಕೆ ಉತ್ತರ ಕಂಡುಕೊಂಡರು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಉತ್ತರ ಬೇರೆಯಾಗಿತ್ತು. ಕ್ರೈಸ್ತನಾದವನಿಗೆ ಮನೆ, ಕಸುಬು, ಪಿತ್ರಾರ್ಜಿತ ಎಲ್ಲವೂ ತಪ್ಪುತ್ತಿದ್ದವು. ಆಸ್ತಿಯ ಹಕ್ಕು ಉಳಿಸುವ ಕಾಯ್ದೆ 1850ರಲ್ಲಿ ಬಂತಾದರೂ ಕಾಯ್ದೆಯಿಂದ ಹೊಟ್ಟೆ ತುಂಬದು. ಹೀಗಾಗಿ ಮಿಶನ್ ತಾನೇ ಊರು ಕಟ್ಟಲು ಹೊರಟಿತು. ಗದಗದ ಬಳಿಯ ಮಲಸಮುದ್ರದಲ್ಲಿ 1841ರಲ್ಲಿ ಒಂದು ಬೇಸಾಯದ ವಸಾಹತು ತೆರೆಯಿತು. ಕಾಲಜ್ಞಾನ ಪಂಥದವರು ತಂಡತಂಡವಾಗಿ ಬರುವರೆಂಬ ನಿರೀಕ್ಷೆ ಸುಳ್ಳಾಯಿತು, ವಸಾಹತು ಉಳಿಯಲಿಲ್ಲ. ಮಂಗಳೂರಿನಲ್ಲಿ ಮಾತ್ರ ಮಗ್ಗ ಕೈಹಿಡಿಯಿತು, 1865ರಿಂದ ಹೆಂಚಿನ ಕಾರ್ಖಾನೆಯೂ ಕೈಹಿಡಿಯಿತು. ನಮ್ಮ ಎಷ್ಟೋ ಹಳೆಯ ಮನೆ, ಮಸೀದಿಗಳ ಮಾಡಿನ ಮೇಲೆ ಮಂಗಳೂರು ಹೆಂಚು ಕೂತಿದೆ. ಅದರ ಹಿಂದೆ ನೆಲೆ ತಪ್ಪಿದವರ ಅನ್ನದ ಚಿಂತೆಯಿತ್ತೆಂಬುದು ನೆನಪಿರುವವರು ಕಡಿಮೆ.

ಕೊಡಗಿನ ಆನಂದಪುರದ್ದು ಇನ್ನೂ ಕುತೂಹಲದ ಕಥೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹೆರ್ಮನ್ ಮೊಗ್ಲಿಂಗ್, ಕ್ರೈಸ್ತನಾದ ಕೊಡವ ಅಲ್ಮಂಡ ಸೋಮಯ್ಯನ ಜೊತೆ ಅಲ್ಲಿಗೆ ಹೋದರು. ಗುಲಾಮಗಿರಿಗಿದ್ದ ಕಾನೂನಿನ ಆಸರೆಯನ್ನು 1843ರ ಕಾಯ್ದೆ ಕಿತ್ತಿದ್ದರೂ ಹೊಲೆಯರು ಒಡೆಯರ ಗದ್ದೆಗಳಲ್ಲೇ ಕಟ್ಟುಬಿದ್ದಿದ್ದರು. ಅವರಿಗಾಗಿ ಎದ್ದ ಊರು ಆನಂದಪುರ. ಕಾಫಿ ಬೆಳೆದು ಊರು ತನ್ನ ಕಾಲ ಮೇಲೆ ನಿಲ್ಲಲಿ ಎಂಬ ಲೆಕ್ಕವಿತ್ತು. ಮೊಗ್ಲಿಂಗ್ 1860ರಲ್ಲಿ ತಾಯ್ನಾಡಿಗೆ ಮರಳಿದರು, ಊರು ಉಳಿಯಿತು.

ಆದರೆ ಮನೆಯೂ ಮಿಶನ್ನಿನದು, ಕೂಲಿಯೂ ಮಿಶನ್ನಿನದು, ಪಾಪ-ಪುಣ್ಯದ ವಿಚಾರಣೆಯೂ ಅವರದೇ ಆದಾಗ ಒಡೆಯ ಬದಲಾದನೇ ಹೊರತು ಒಡೆತನ ಹೋಯಿತೇ? ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಸೆರೆಯಾಗಿ, ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದಾಗ ಕಾರ್ಮಿಕರನ್ನು ಯಾರು ಕೇಳಿದ್ದರು? ಈ ಪರಾಧೀನತೆ ನಮಗೆ ಸರಿಕಾಣುವುದಿಲ್ಲ.

ನಿಜಾಮರ ಆಳ್ವಿಕೆಯ ಬೀದರ್ ಕಡೆ ಬೇರೂರಿದ್ದು ಮೆಥೊಡಿಸ್ಟ್ ಸಭೆ. ಮತಾಂತರಿತರನ್ನು ಊರಿನಿಂದ ಕಿತ್ತು ಬೇರೆಡೆ ನೆಡಬಾರದೆಂದು ಅದೇ ಸಭೆಯ ಪಿಕೆಟ್ 1933ರಲ್ಲಿ ಪ್ರಕಟಿಸಿದ ಅಧ್ಯಯನ ವಾದಿಸಿತು. ಇಲ್ಲಿಯ ದಲಿತರಲ್ಲಿ ಕ್ರೈಸ್ತರಾದವರು ಹೆಚ್ಚಾಗಿ ತಮ್ಮ ಕೇರಿಯಲ್ಲೇ, ನೆಂಟರಿಷ್ಟರ ನಡುವೆಯೇ ಉಳಿದರು. ಹಾಗೆ ಉಳಿದವರನ್ನು ಊರು ಕೇರಿಯವರೆಂದೇ ಕಂಡಿತು. ಸರ್ಕಾರ ಮಾತ್ರ ಹಾಗೆ ಕಾಣಲಿಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ದಲಿತ ಕ್ರೈಸ್ತರೂ ದಲಿತ ಮುಸ್ಲಿಮರೂ ಹೊರಗೇ ಉಳಿದರು. ಒಂದೇ ಕೇರಿಯ ಅಣ್ಣತಮ್ಮಂದಿರಲ್ಲಿ ಅಣ್ಣನಿಗೆ ಸಿಗುವ ಪ್ರಮಾಣಪತ್ರ, ಚರ್ಚಿನ ದಾಖಲೆಯಲ್ಲಿ ಹೆಸರಿರುವ ತಮ್ಮನಿಗೆ ಸಿಗದು.